ಹಂಡೆಗೆ ನೀವು, ಓಟಿಗೆ ಅವರು

ಹೋದ ತಿಂಗಳು ಊರಿಗೆ ಹೋದಾಗ ಅಪ್ಪ ಅಟ್ಟದ ಮೇಲಿನ ಟ್ರಂಕು ಇಳಿಸು ಅಂದ. ಯಾವುದೋ ಹಳೇ ಪಹಣಿ ಬೇಕಿತ್ತು. ಅಪ್ಪನಿಗೆ ಈಗ ಎಪ್ಪತ್ತಾರು. ಮಂಡಿ ಸವೆದಿರುವುದರಿಂದ ಏಣಿ ಹತ್ತುವಂತಿಲ್ಲ. ಆದರೂ ಏಣಿಯ ಬುಡ ಹಿಡಿದುಕೊಂಡು ಮೇಲಿರುವ ನನಗೆ ಅಪ್ಪಣೆ ಕೊಡುವುದನ್ನು ಬಿಟ್ಟಿಲ್ಲ. ಪಹಣಿಯಂತೂ ಸಿಗಲಿಲ್ಲ. ಸಿಕ್ಕಿದ್ದು ಇಲಿ ಕಡಿದ ರಸೀದಿ ಪುಸ್ತಕಗಳು, ಮಾಸಿದ ಕರಪತ್ರಗಳು, ರಬ್ಬರ್ ಬ್ಯಾಂಡು ಕರಗಿ ಅಂಟಿಕೊಂಡ ಮಾದರಿ ಮತಪತ್ರಗಳ ಕಟ್ಟು. ಕಟ್ಟು ಬಿಡಿಸಿ ನೋಡಿದರೆ ಒಂದೊಂದು ಚುನಾವಣೆಗೆ ಒಂದೊಂದು ಚಿಹ್ನೆ.

'ನೋಡ್ಲಾ, ಗುರ್ತು ಕಲ್ಸೋದ್ರಲ್ಲೇ ನಮ್ಮ ಅರ್ಧ ಆಯಸ್ಸು ಹೋಯ್ತು' ಅಂದ ಅಪ್ಪ.

ಮಾತು ತಮಾಷೆಯದಾದರೂ ಸುಳ್ಳಲ್ಲ. ಮಾನ್ಯತೆ ಪಡೆದ ಪಕ್ಷಗಳಿಗೆ ಅವರ ಚಿಹ್ನೆ ಖಾಯಂ. ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರಿಗೂ ಗೊತ್ತು. ಸಣ್ಣ ಪಕ್ಷದವರು ಪ್ರತಿ ಸಲ ಆಯೋಗ ಕೊಟ್ಟದ್ದನ್ನು ಹಿಡಿದುಕೊಂಡು ಮನೆ ಮನೆ ತಿರುಗಿ, 'ಹೋದ ಸಲದ್ದು ಮರೆತುಬಿಡಿ, ಈ ಸಲ ಇದು' ಅಂತ ಹೇಳಬೇಕು. ಅದನ್ನು ಹೇಳಲು ಸಿಗುವುದು ಹೆಚ್ಚೆಂದರೆ ಎರಡು ವಾರ.

ನಮ್ಮದು ಪಾಂಡವಪುರ ತಾಲ್ಲೂಕು, ನಾಲೆ ಕೆಳಗಿನ ಊರು. ಅಪ್ಪ ಹಸಿರು ಟವೆಲ್ ಹೆಗಲಿಗೆ ಹಾಕಿದ್ದು ಎಂಬತ್ತರ ದಶಕದ ಶುರುವಿನಲ್ಲಿ. ಅದಕ್ಕೆ ಸ್ವಲ್ಪ ಮುಂಚೆ, 1980ರ ಜುಲೈನಲ್ಲಿ, ನರಗುಂದ ನವಲಗುಂದಗಳಲ್ಲಿ ನೀರಿನ ಕರ ಕೇಳಿದ್ದಕ್ಕೆ ರೈತರು ತಿರುಗಿಬಿದ್ದು, ಗೋಲಿಬಾರ್ ಆಗಿ, ಕರ್ನಾಟಕವೆಲ್ಲ ಕಾದುಹೋಗಿತ್ತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ರುದ್ರಪ್ಪ, ಸುಂದರೇಶ್, ಪ್ರೊಫೆಸರ್ ನಂಜುಂಡಸ್ವಾಮಿ. ಈ ಹೆಸರುಗಳನ್ನು ನಾನು ಮಗ್ಗಿಗಿಂತ ಮೊದಲು ಕಲಿತೆ. ನಮ್ಮೂರ ಬಾಗಿಲಲ್ಲೂ ಒಂದು ಬೋರ್ಡು ನಿಂತಿತು. ರೈತರ ಅಪ್ಪಣೆಯಿಲ್ಲದೆ ಸಾಲ ವಸೂಲಿಗೆ ಯಾವ ಅಧಿಕಾರಿಯೂ ಊರೊಳಗೆ ಕಾಲಿಡಬಾರದು ಅಂತ. ನಾವು ಹುಡುಗರು ಆ ಬೋರ್ಡಿನ ಕೆಳಗೆ ಗೋಲಿ ಆಡುತ್ತಿದ್ದೆವು. ದೂರದಲ್ಲಿ ಜೀಪಿನ ಧೂಳು ಕಂಡರೆ ಓಡಿ ಬಂದು ಹೇಳುವುದು ನಮ್ಮ ಕೆಲಸ. ಬಂದ ಜೀಪು ಬಹಳ ಸಲ ಪಶುವೈದ್ಯರದಾಗಿರುತ್ತಿತ್ತು, ಅದು ಬೇರೆ ಮಾತು.

ನನಗೆ ಆರು ವರ್ಷವಿದ್ದಾಗಿನ ಒಂದು ದಿನ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ನಮ್ಮ ಹಿತ್ತಲಾಚೆಯ ಮನೆಯ ಅತ್ತೆ ಗಂಡ ಸತ್ತವಳು. ಒಂದೂವರೆ ಎಕರೆ ಕಬ್ಬು, ಮೂರು ಮಕ್ಕಳು. ಗೊಬ್ಬರದ ಸಾಲ ಕಟ್ಟಲಿಲ್ಲವೆಂದು ಸಾಲ ಕೊಟ್ಟವರು ಬಂದು ಅವಳ ಮನೆಯ ತಾಮ್ರದ ಹಂಡೆ, ಎರಡು ಕೊಳಗ, ನೇಗಿಲು ಎಲ್ಲವನ್ನೂ ಗಾಡಿಗೆ ಹೇರಿಕೊಂಡು ಹೋಗಿದ್ದರು. ಅವತ್ತು ಅಪ್ಪ ಊರಲ್ಲಿರಲಿಲ್ಲ. ಮಾರನೇ ದಿನ ಬೆಳಿಗ್ಗೆ ನಾಲ್ಕೂರಿನ ಹಸಿರು ಟವೆಲಿನವರು ಸೇರಿದರು. ಹೊಡೆದಾಟ ಬೇಡ, ಬೈಗುಳ ಬೇಡ, ಸಾಲುಗಟ್ಟಿ ಹೋಗಬೇಕು, ಇರುವುದನ್ನು ಎತ್ತಿಕೊಂಡು ಬರಬೇಕು ಅಂತ ತೀರ್ಮಾನವಾಯಿತು. ಮಧ್ಯಾಹ್ನದ ಹೊತ್ತಿಗೆ ತಮಟೆ ಸದ್ದು ಕೇಳಿ ನಾವು ಓಡಿದೆವು. ಮೆರವಣಿಗೆಯ ಮುಂದೆ ಅಪ್ಪ, ಅವನ ತಲೆಯ ಮೇಲೆ ಹಂಡೆ. ಬಿಸಿಲಿಗೆ ತಾಮ್ರ ಫಳಫಳ ಅನ್ನುತ್ತಿತ್ತು. ಅತ್ತೆ ಹೊಸಿಲಲ್ಲೇ ನಿಂತು ಸೆರಗಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ಜಪ್ತಿಯಾದದ್ದನ್ನು ಮರುಜಪ್ತಿ ಮಾಡುವ ಇಂಥ ಮೆರವಣಿಗೆಗಳು ಆ ಕಾಲಕ್ಕೆ ಬೇರೆ ಕಡೆಯೂ ನಡೆದವು. ರೈತ ಸಾಲಗಾರನಲ್ಲ, ಸರ್ಕಾರವೇ ರೈತನಿಗೆ ಬಾಕಿದಾರ ಅನ್ನುವ ಮಾತು ನಮ್ಮಂಥ ಊರುಗಳಿಗೆ ಅರ್ಥವಾದದ್ದು ಭಾಷಣದಿಂದಲ್ಲ, ಹೀಗೆ ತಲೆಯ ಮೇಲೆ ಕೂತು ವಾಪಸು ಬಂದ ಹಂಡೆಗಳಿಂದ.

ಆಮೇಲೆ ಚುನಾವಣೆ ಬಂತು. ಅಪ್ಪ ಅತ್ತೆಯ ಮನೆಗೆ ಹೋಗಿ ಜಗಲಿಯ ಮೇಲೆ ಕೂತು ಚಿಹ್ನೆಯ ಚೀಟಿ ಕೊಟ್ಟ. ಅವಳು ಚೀಟಿಯನ್ನು ಕಣ್ಣಿಗೊತ್ತಿಕೊಂಡು ಗೂಡಿನಲ್ಲಿಟ್ಟಳು. ಕಾಫಿ ಕೊಟ್ಟಳು. ಕೊಟ್ಟು ಹೇಳಿದಳು:

'ಅಣ್ಣಯ್ಯ, ನಿನ್ನತ್ರ ಸುಳ್ಳು ಯಾಕೆ. ಹಂಡೆಗೆ ನೀವು, ಓಟಿಗೆ ಅವರು. ನೀವು ಓಟ್ ಹಾಕ್ದಿದ್ರೂ ಕಷ್ಟ ಅಂದ್ರೆ ಓಡಿ ಬತ್ತೀರಿ. ಅವರು ಓಟ್ ಹಾಕ್ದಿದ್ರೆ ಬರಾಕಿಲ್ಲ.'

ಅಪ್ಪ ಇದನ್ನು ಸಂಘದ ಸಭೆಗಳಲ್ಲಿ ನಗುತ್ತಾ ಹೇಳುತ್ತಿದ್ದ. ಕೇಳಿದವರೂ ನಗುತ್ತಿದ್ದರು. ನಾನು ಈ ಮಾತನ್ನು ಮೂವತ್ತು ವರ್ಷ ತಲೆಯಲ್ಲಿ ಹೊತ್ತು ತಿರುಗಿದ್ದೇನೆ. ರೈತ ಚಳವಳಿ ಚುನಾವಣೆಯಲ್ಲಿ ಯಾಕೆ ಸೋತಿತು ಅಂತ ಪಂಡಿತರು ಬರೆದದ್ದನ್ನೂ ಓದಿದ್ದೇನೆ. ಜಾತಿ, ಹಣ, ನಾಯಕರ ಜಗಳ, ಸಂಘಟನೆಯ ಕೊರತೆ. ಎಲ್ಲವೂ ಸರಿ. ಆದರೆ ಅತ್ತೆಯ ಲೆಕ್ಕದ ಮುಂದೆ ಅವೆಲ್ಲ ಎರಡನೇ ಮಾತು ಅನ್ನಿಸುತ್ತದೆ. ಅವಳು ಮೋಸ ಹೋದವಳಲ್ಲ, ದುಡ್ಡಿಗೆ ಓಟು ಮಾರಿದವಳೂ ಅಲ್ಲ. ತನ್ನಲ್ಲಿದ್ದ ಒಂದೇ ಓಟನ್ನು ಎಲ್ಲಿ ಹೂಡಿದರೆ ಎರಡೂ ಕಡೆಯಿಂದ ಸಹಾಯ ಸಿಗುತ್ತದೆ ಅಂತ ಯೋಚಿಸಿದವಳು. ಸಂಘದ ಸಹಾಯಕ್ಕೆ ಬೆಲೆಯಿರಲಿಲ್ಲ. ಬೆಲೆಯಿಲ್ಲದ್ದನ್ನು ಯಾರು ಕೊಳ್ಳುತ್ತಾರೆ?

ಇದು ನಮ್ಮೂರೊಂದರ ಕತೆಯಾಗಿದ್ದರೆ ಬರೆಯುತ್ತಿರಲಿಲ್ಲ. 1983ರಲ್ಲಿ ಗುಂಡೂರಾವ್ ಸರ್ಕಾರ ಬಿತ್ತು, ರಾಜ್ಯದಲ್ಲಿ ಮೊದಲ ಸಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಆ ಮರ ಅಲ್ಲಾಡಿಸಿದವರಲ್ಲಿ ರೈತರೂ ಇದ್ದರು. ಹಣ್ಣು ಆರಿಸಿಕೊಂಡದ್ದು ಜನತಾ ಪಕ್ಷ. 1989ರಲ್ಲಿ ಸಂಘ ತಾನೇ ರಾಜ್ಯದ ತುಂಬ ಅಭ್ಯರ್ಥಿಗಳನ್ನು ನಿಲ್ಲಿಸಿತು. ಕಾಂಗ್ರೆಸ್ 178 ಸ್ಥಾನ ಬಾಚಿಕೊಂಡ ಆ ಚುನಾವಣೆಯಲ್ಲಿ ಸಂಘಕ್ಕೆ ಬಂದದ್ದು ಎರಡು. ಆ ಎರಡನ್ನೂ ಗೆದ್ದವರು ಒಬ್ಬರೇ, ಬಾಬಾಗೌಡ ಪಾಟೀಲರು, ಕಿತ್ತೂರು ಮತ್ತು ಧಾರವಾಡ ಗ್ರಾಮೀಣದಿಂದ. ಒಂದನ್ನು ಅವರು ಬಿಟ್ಟುಕೊಟ್ಟ ಮೇಲೆ ಉಪಚುನಾವಣೆಯಲ್ಲಿ ನಂಜುಂಡಸ್ವಾಮಿ ವಿಧಾನಸಭೆಗೆ ಹೋದರು. ಮುಂದೆ ಬಾಬಾಗೌಡರು ಬಿಜೆಪಿಗೆ ಹೋಗಿ 1998ರಲ್ಲಿ ಬೆಳಗಾವಿಯಿಂದ ಸಂಸದರಾದರು, ಕೇಂದ್ರದಲ್ಲಿ ಮಂತ್ರಿಯೂ ಆದರು. ಆ ಸುದ್ದಿ ಬಂದ ದಿನ ಅಪ್ಪ ರೇಡಿಯೋ ಆರಿಸಿ ಗದ್ದೆಗೆ ಹೋಗಿದ್ದ.

ನಮ್ಮ ಕಡೆ ಕ್ಯಾತನಹಳ್ಳಿಯ ಪುಟ್ಟಣ್ಣಯ್ಯನವರಿದ್ದರು. ಅವರ ಭಾಷಣ ಕೇಳಿದವರಿಗೆ ಗೊತ್ತು, ಅವರು ಮಾತಾಡುತ್ತಿದ್ದದ್ದು ವೇದಿಕೆಯ ಭಾಷೆಯಲ್ಲ, ಆಲೆಮನೆ ಮುಂದೆ ಕೂತು ಆಡುವ ಭಾಷೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ನಗುನಗುತ್ತಲೇ ಸಿಟ್ಟಾಗುತ್ತಿದ್ದರು. 1994ರಲ್ಲಿ ಅವರು ಪಾಂಡವಪುರದಿಂದ ಗೆದ್ದರು. ಮತ್ತೆ ಗೆದ್ದದ್ದು 2013ರಲ್ಲಿ, ಮೇಲುಕೋಟೆಯಿಂದ. ನಡುವೆ ಹತ್ತೊಂಬತ್ತು ವರ್ಷ. ಈ ಹತ್ತೊಂಬತ್ತು ವರ್ಷದಲ್ಲಿ ಸಂಘ ಒಡೆದು ಬಣಗಳಾಯಿತು, 2004ರಲ್ಲಿ ನಂಜುಂಡಸ್ವಾಮಿ ತೀರಿಕೊಂಡರು, 2005ರಲ್ಲಿ ದೇವನೂರ ಮಹಾದೇವ ಅವರ ಮುಂದಾಳತ್ವದಲ್ಲಿ ರೈತರನ್ನೂ ದಲಿತರನ್ನೂ ಒಂದೆಡೆ ತರಲು ಸರ್ವೋದಯ ಕರ್ನಾಟಕ ಪಕ್ಷ ಕಟ್ಟಿದರು.

ಆ ಒಂದಾಗುವ ಪ್ರಯತ್ನ ತಡವಾಗಿಯಾದರೂ ಬಂತಲ್ಲ ಅಂತ ಅಪ್ಪ ಹೇಳುತ್ತಾನೆ. ತಡವಾದದ್ದಕ್ಕೆ ಕಾರಣವನ್ನೂ ಅವನೇ ಹೇಳುತ್ತಾನೆ. ನಮ್ಮ ಹೊಲದಲ್ಲಿ ಕಬ್ಬು ಕಡಿಯುತ್ತಿದ್ದ, ಅಪ್ಪನಿಗಿಂತ ಎರಡು ವರ್ಷ ದೊಡ್ಡವನಾದ ಕೇರಿಯ ಒಬ್ಬನ ಬಳಿ ಒಂದು ಸಲ ಅಪ್ಪ ಓಟು ಕೇಳಿದ. ಅವನು ಬೀಡಿ ಕಚ್ಚಿಕೊಂಡು, 'ಸ್ವಾಮಿ, ಕಬ್ಬಿಗೆ ರೇಟು ಜಾಸ್ತಿ ಕೇಳ್ತೀರಿ, ಸರಿ. ನಾವು ಕೂಲಿ ಜಾಸ್ತಿ ಕೇಳಿದ್ದ ದಿನ ನಿಮ್ಮ ಹಸ್ರು ಟವಲ್ಲು ಎಲ್ಲಿತ್ತು?' ಅಂದನಂತೆ. ಅಪ್ಪ ಉತ್ತರ ಕೊಡಲಿಲ್ಲ. ಕೊಡಲು ಉತ್ತರ ಇರಲಿಲ್ಲ, ಯಾಕೆಂದರೆ ಆ ದಿನ ಕೂಲಿ ಜಾಸ್ತಿ ಕೊಡುವುದಿಲ್ಲ ಎಂದವರ ಸಾಲಿನಲ್ಲಿ ಅಪ್ಪನೂ ನಿಂತಿದ್ದ. ಭೂಮಿ ಇದ್ದವರ ಸಂಘ ಭೂಮಿ ಇಲ್ಲದವರ ಓಟನ್ನು ನಂಬಿಕೊಂಡು ಚುನಾವಣೆಗೆ ಹೋದದ್ದು ನಮ್ಮ ಸೋಲಿನ ಒಂದು ದೊಡ್ಡ ಭಾಗ. ಅದನ್ನು ಬೇರೆಯವರ ಹಣಬಲದ ಮೇಲೆ ಹಾಕಿ ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ.

ಇನ್ನು ನನ್ನ ವಿಷಯ.

2008. ಕ್ಷೇತ್ರಗಳ ಮರುವಿಂಗಡಣೆಯಾಗಿ ಪಾಂಡವಪುರ ಹೋಗಿ ಮೇಲುಕೋಟೆ ಬಂದಿತ್ತು. ನಾನು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷ. ಓಟು ಹಾಕಲೆಂದೇ ಹಿಂದಿನ ರಾತ್ರಿಯ ಬಸ್ಸಿಗೆ ಊರಿಗೆ ಬಂದೆ. ಅಪ್ಪ ಹದಿನೈದು ದಿನದಿಂದ ಮನೆಯಲ್ಲಿ ಸರಿಯಾಗಿ ಊಟ ಮಾಡಿರಲಿಲ್ಲ. ಡಬ್ಬಿ ಹಿಡಿದು 'ಒಂದು ಓಟು, ಒಂದು ನೋಟು' ಅಂತ ಊರೂರು ಸುತ್ತುತ್ತಿದ್ದ. ಶಾಂತವೇರಿ ಗೋಪಾಲಗೌಡರ ಕಾಲದಿಂದ ಬಂದ ಪದ್ಧತಿ ಅದು. ಓಟು ಕೇಳಲು ಬಂದವನಿಗೇ ಮತದಾರ ದುಡ್ಡು ಕೊಡುವುದು. ಪಕ್ಕದ ಬೀದಿಯಲ್ಲಿ ಅದೇ ಹೊತ್ತಿಗೆ ದುಡ್ಡು ತಿರುಗುಮುರುಗು ದಿಕ್ಕಿನಲ್ಲಿ ಹರಿಯುತ್ತಿತ್ತು.

ನನ್ನ ತಂಗಿಯ ಮದುವೆ ಮಾತುಕತೆ ಆಗಷ್ಟೇ ಮುಗಿದಿತ್ತು. ಹುಡುಗನ ಕಡೆಯವರು ಅವ್ವನ ತವರಿನ ಪೈಕಿ. ನಮ್ಮ ಸೋದರಮಾವ ಇನ್ನೊಂದು ಪಕ್ಷದ ಊರ ಮುಂದಾಳು. ಮತದಾನದ ಬೆಳಿಗ್ಗೆ ಮಾವ ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬೂತಿಗೆ ಹೋಗುವಾಗ ಬಲವಂತ ಏನೂ ಮಾಡಲಿಲ್ಲ. 'ನಿಮ್ಮಪ್ಪಂದು ಬುಡು, ಅವನು ದೇವ್ರಂಥ ಮನ್ಸ. ಆದ್ರೆ ಗೆಲ್ಲೋದು ನಮ್ಮೋರು. ಬೀಗರ ಮನೇಲಿ ನಾಳೆ ಯಾರ್ ಯಾರಿಗೆ ಹಾಕಿದ್ರು ಅಂತ ಮಾತು ಬತ್ತದೆ. ನೀನು ಓದಿದ ಹುಡುಗ, ಓಟು ಹಾಳು ಮಾಡ್ಕೋಬೇಡ' ಅಂದ. ಅಷ್ಟೇ.

ಯಂತ್ರದ ಮುಂದೆ ನಿಂತಾಗ ಅಪ್ಪನ ಚಿಹ್ನೆ ಮೂರೋ ನಾಲ್ಕೋ ಸಾಲು ಕೆಳಗಿತ್ತು. ನಾನು ಅದನ್ನು ನೋಡಿದೆ. ನೋಡಿ, ಮೇಲಿನ ಗುಂಡಿ ಒತ್ತಿದೆ. ಬೀಪ್ ಅಂತ ಉದ್ದಕ್ಕೆ ಸದ್ದಾಯಿತು. ಹೊರಗೆ ಬಂದರೆ ನೂರು ಮೀಟರು ಆಚೆ ಹೊಂಗೆ ಮರದ ಕೆಳಗೆ, ಹಸಿರು ಟವೆಲ್ ತಲೆಗೆ ಸುತ್ತಿಕೊಂಡು ಅಪ್ಪ ಮತದಾರರ ಪಟ್ಟಿಯಲ್ಲಿ ಗೀಟು ಹಾಕುತ್ತಿದ್ದ. ನನ್ನ ಹೆಸರಿಗೂ ಗೀಟು ಹಾಕಿದ. 'ನೀರು ಕುಡ್ದು ಹೋಗು, ಬಿಸ್ಲು' ಅಂದ.

ಪುಟ್ಟಣ್ಣಯ್ಯನವರು ಆ ಸಲ ಸೋತರು. ನನ್ನೊಬ್ಬನ ಓಟಿನಿಂದ ಸೋಲಲಿಲ್ಲ ಅಂತ ನನಗೆ ನಾನು ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಹಾಗೆ ಹೇಳಿಕೊಂಡವರೆಲ್ಲರ ಓಟು ಕೂಡಿಸಿದರೆ ಸೋಲಿನ ಅಂತರವೇ ಬರುತ್ತದೇನೋ. ಓಟು ಹಾಳಾಗುತ್ತದೆ ಅನ್ನುವ ಮಾತಿನ ವಿಚಿತ್ರ ನೋಡಿ. ಸೋಲುವವನಿಗೆ ಹಾಕಿದರೆ ಹಾಳು ಅಂತ ಎಲ್ಲರೂ ನಂಬಿದ್ದರಿಂದಲೇ ಅವನು ಸೋಲುತ್ತಾನೆ. ಅತ್ತೆಯದು ಕಷ್ಟದ ಲೆಕ್ಕ, ನನ್ನದು ಆರಾಮದ ಲೆಕ್ಕ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

2013ರಲ್ಲಿ ನಾನು ಸರಿಯಾದ ಗುಂಡಿ ಒತ್ತಿದೆ, ಅವರು ಗೆದ್ದರು. ಅಪ್ಪ ಮೂರು ದಿನ ಮನೆಗೆ ಬರಲಿಲ್ಲ. ಗೆದ್ದ ಮೇಲೆ ಊರ ಜನ ಶಾಸಕರ ಮನೆಗೆ ವರ್ಗಾವಣೆಯ ಅರ್ಜಿ, ನಾಮಕರಣ, ತಿಥಿ ಅಂತ ಸಾಲುಗಟ್ಟಿದರು. ಊರ ಬಾಗಿಲಲ್ಲಿ ಬೋರ್ಡು ಹಾಕಿ ಸರ್ಕಾರವನ್ನು ಹೊರಗೆ ನಿಲ್ಲಿಸಿದ್ದವರ ಮಕ್ಕಳು ಶಾಸಕರ ಬಾಗಿಲಲ್ಲಿ ನಿಂತಿದ್ದರು. ಅಪ್ಪನ ಹತ್ತಿರವೂ ಶಿಫಾರಸು ಮಾಡಿಸು ಅಂತ ಬರುತ್ತಿದ್ದರು. ಇದಕ್ಕೇನಾ ನಾವು ಗೆದ್ದದ್ದು ಅಂತ ಅವನು ಗೊಣಗಿದ್ದು ನೆನಪಿದೆ. 2018ರ ಫೆಬ್ರವರಿಯಲ್ಲಿ ಪುಟ್ಟಣ್ಣಯ್ಯ ತೀರಿಕೊಂಡರು. ಮೂರು ತಿಂಗಳಿಗೆ ಚುನಾವಣೆ. ಅಮೆರಿಕದಿಂದ ಬಂದ ಮಗ ದರ್ಶನ್ ಸ್ವರಾಜ್ ಇಂಡಿಯಾದಿಂದ ನಿಂತರು. ಅನುಕಂಪ ಇದೆ, ಕಾಂಗ್ರೆಸ್ ಬೆಂಬಲವೂ ಇದೆ, ಗೆದ್ದೇ ಗೆಲ್ಲುತ್ತೇವೆ ಅಂದುಕೊಂಡಿದ್ದರು. ಇಪ್ಪತ್ತೆರಡು ಸಾವಿರದಷ್ಟು ಅಂತರದಲ್ಲಿ ಸೋತರು. ಹಣೆಯ ಮೇಲೆ ಕೈಯಿಟ್ಟು ಅಳುತ್ತಾ ಸತ್ತವರ ಮನೆಗೆ ಬಂದ ಜನ ಓಟು ಹಾಕಲಿಲ್ಲ. ಮತ್ತೆ ಹಂಡೆಯ ಲೆಕ್ಕವೇ.

ಪಂಜಾಬಿನಲ್ಲಿ ಏನಾಯಿತು ಗೊತ್ತಲ್ಲ. ದೆಹಲಿಯ ಗಡಿಯಲ್ಲಿ ಒಂದು ವರ್ಷ ಚಳಿ ಮಳೆಯಲ್ಲಿ ಕೂತು, ಮೂರು ಕೃಷಿ ಕಾಯ್ದೆಗಳನ್ನು ವಾಪಸು ತೆಗೆಸಿದರು. ಕಾಯ್ದೆ ವಾಪಸಾದದ್ದು 2021ರ ನವೆಂಬರಿನಲ್ಲಿ. ಮುಂದಿನ ಫೆಬ್ರವರಿಯಲ್ಲಿ ಅಲ್ಲಿನ ಹಲವು ರೈತ ಸಂಘಗಳು ಸೇರಿ ಸಂಯುಕ್ತ ಸಮಾಜ ಮೋರ್ಚಾ ಅಂತ ಚುನಾವಣೆಗೆ ನಿಂತವು. ಒಂದು ಸ್ಥಾನವೂ ಬರಲಿಲ್ಲ. ಮುಂದಾಳು ಬಲಬೀರ್ ಸಿಂಗ್ ರಾಜೇವಾಲ್ ಠೇವಣಿಯನ್ನೇ ಕಳೆದುಕೊಂಡರು. ಮಣಿಪುರದಲ್ಲಿ ಹದಿನಾರು ವರ್ಷ ಉಪವಾಸವಿದ್ದ ಇರೋಮ್ ಶರ್ಮಿಳಾಗೆ 2017ರಲ್ಲಿ ಬಂದದ್ದು 90 ಓಟು. ಈ ಸುದ್ದಿಗಳನ್ನು ಫೋನಿನಲ್ಲಿ ಓದಿ ಹೇಳಿದಾಗ ಅಪ್ಪ ಆಶ್ಚರ್ಯ ಪಡಲಿಲ್ಲ. 'ತೊಂಬತ್ತಾದ್ರೂ ಹಾಕವ್ರಲ್ಲ' ಅಂದ. ವ್ಯಂಗ್ಯವೋ ಸಮಾಧಾನವೋ ತಿಳಿಯಲಿಲ್ಲ.

2023ರಲ್ಲಿ ದರ್ಶನ್ ಸರ್ವೋದಯ ಕರ್ನಾಟಕದಿಂದ ಗೆದ್ದರು. ಈ ಸಲವೂ ಕಾಂಗ್ರೆಸ್ ಅಭ್ಯರ್ಥಿ ಹಾಕದೆ ಬೆಂಬಲಿಸಿತ್ತು. ಸೋತ ಐದು ವರ್ಷ ಅವರು ಊರೂರು ತಿರುಗಿದ್ದು ನಮ್ಮ ಕಡೆಯವರಿಗೆ ಗೊತ್ತು. ಅಂದರೆ ಚಳವಳಿಗೆ ಗೆಲ್ಲಲು ಬರುವುದಿಲ್ಲ ಅಂತಲೂ ಅಲ್ಲ. ಗೆಲ್ಲಬೇಕಾದರೆ ದೊಡ್ಡ ಪಕ್ಷವೊಂದು ದಾರಿ ಬಿಟ್ಟುಕೊಡಬೇಕು ಅನ್ನುವುದನ್ನು ಮಾತ್ರ ಮರೆಯುವಂತಿಲ್ಲ. 224 ಕ್ಷೇತ್ರಗಳಲ್ಲಿ ಒಂದು. ಎಣಿಕೆಯ ದಿನ ಟೀವಿ ಮುಂದೆ ಕೂತಿದ್ದ ಅಪ್ಪ ಫಲಿತಾಂಶ ಬಂದ ಮೇಲೆ ಎದ್ದು, 'ಇನ್ಮೇಲೆ ಇವರನ್ನ ಕೇಳೋರು ಯಾರು, ನಾವೇ ಕೇಳ್ಬೇಕು' ಅಂದು ಎಮ್ಮೆಗೆ ಹುಲ್ಲು ಹಾಕಲು ಹೋದನೆಂದು ಅವ್ವ ಫೋನಿನಲ್ಲಿ ಹೇಳಿದಳು.

ಟ್ರಂಕು ಇಳಿಸಿದ ಆ ಮಧ್ಯಾಹ್ನ ಮತಪತ್ರಗಳ ಕಟ್ಟಿನಲ್ಲಿ 2008ರ ಚೀಟಿಯೂ ಇತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ನಾನು ಅಪ್ಪನಿಗೆ ಹೇಳಿಬಿಟ್ಟೆ. ಹದಿನೈದು ವರ್ಷಕ್ಕೂ ಮೀರಿ ಹೇಳದೆ ಇಟ್ಟುಕೊಂಡದ್ದು. ಅಪ್ಪ ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿಕೊಂಡ.

'ಗೊತ್ತು ಕಣ್ಲಾ.'

'ಎಂಗ್ ಗೊತ್ತು?'

'ಹೊರಗ್ ಬಂದಾಗ ನೀರು ಕುಡಿ ಅಂದ್ರೆ ನನ್ನ ಮಕ ನೋಡ್ದೆ ಹೋದಲ್ಲ.' ಸ್ವಲ್ಪ ಹೊತ್ತು ಸುಮ್ಮನಿದ್ದು ಒಳಗೆ ಅಡುಗೆಮನೆಯ ಕಡೆ ಗಲ್ಲ ತೋರಿಸಿದ. 'ನಿಮ್ಮವ್ವಾನೂ ಹಾಕಿರ್ಲಿಲ್ಲ. ತಂಗಿ ಮದ್ವೆ ಅಂತ. ಅವಳು ಅವತ್ತೇ ರಾತ್ರಿ ಹೇಳುದ್ಲು.'

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ನಮ್ಮ ಮನೆಯಲ್ಲಿದ್ದ ಓಟು ಆಗ ನಾಲ್ಕು. ಅದರಲ್ಲಿ ಅಪ್ಪನ ಪಕ್ಷಕ್ಕೆ ಬಿದ್ದದ್ದು ಎಷ್ಟು ಅಂತ ಲೆಕ್ಕ ಹಾಕುತ್ತಾ ನಾನು ಕೂತಿದ್ದೆ. ತಂಗಿಯನ್ನು ಕೇಳುವ ಧೈರ್ಯ ಇನ್ನೂ ಬಂದಿಲ್ಲ.

ಅಪ್ಪ ಅಷ್ಟರಲ್ಲಿ ಬೇರೆ ವಿಷಯಕ್ಕೆ ಹೋಗಿದ್ದ. ಸೋಮವಾರ ತಾಲ್ಲೂಕು ಕಚೇರಿ ಮುಂದೆ ಧರಣಿಯಂತೆ. ಕಬ್ಬಿನ ಬಾಕಿ, ನಾಲೆಗೆ ನೀರು ಬಿಡುವ ದಿನ, ಅದೇ ಹಳೆಯ ಪಟ್ಟಿ. ಮಂಡಿ ನೋವಿಗೆ ಕುರ್ಚಿ ಕೊಡುತ್ತಾರಂತೆ. ಹಿತ್ತಲಾಚೆಯ ಅತ್ತೆಯ ಮಗ ತನ್ನ ಆಟೋದಲ್ಲಿ ಕರೆದುಕೊಂಡು ಹೋಗುತ್ತಾನಂತೆ, ದುಡ್ಡು ತೆಗೆದುಕೊಳ್ಳುವುದಿಲ್ಲವಂತೆ. ಗೂಟಕ್ಕೆ ನೇತು ಹಾಕಿದ್ದ ಟವೆಲನ್ನು ತೋರಿಸಿ ಬಣ್ಣ ಹೋಗಿದೆ ಅಂದ. ಬಿಸಿಲಿಗೆ ಅದು ಹಸಿರೂ ಅಲ್ಲ ಹಳದಿಯೂ ಅಲ್ಲದ ಬಣ್ಣಕ್ಕೆ ತಿರುಗಿತ್ತು.

'ಪಾಂಡವಪುರಕ್ಕೆ ಹೋದ್ರೆ ಒಂದು ಹೊಸದು ತತ್ತೀಯಾ? ಒಂದಲ್ಲ, ಎರಡು ತಗೊಂಡ್ ಬಾ' ಅಂದ.